ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್: ದೇಶಾಭಿಮಾನ ಮತ್ತು ನ್ಯಾಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಕ್ರೀಡಾಕೂಟ ಬಂದಾಗಲೆಲ್ಲ ಕಂಠೀರವದ ಗ್ಯಾಲರಿಯಲ್ಲಿ, ಬಸವನಗುಡಿ ಈಜುಕೊಳದ ಕಟ್ಟೆಯ ಮೇಲೆ, ಜ್ಞಾನಭಾರತಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಗೇಟಿನ ಬಳಿ ಒಂದು ಮಾತು ಕೇಳಿಸುತ್ತದೆ: "ನಮ್ಮವರಿಗೆ ಅನ್ಯಾಯ ಆಯ್ತು." ಕೆಲವು ಸಲ ಅದು ನಿಜ. ಇನ್ನು ಕೆಲವು ಸಲ ನಿಯಮ ಗೊತ್ತಿಲ್ಲದೆ ಪಟ್ಟ ಸಂಕಟ. ಎರಡನ್ನೂ ಬೇರೆ ಮಾಡಿ ನೋಡಲು ಬರಬೇಕು, ಇಲ್ಲದಿದ್ದರೆ ನಿಜವಾದ ಅನ್ಯಾಯ ಆದ ದಿನ ನಮ್ಮ ಮಾತಿಗೆ ತೂಕ ಇರುವುದಿಲ್ಲ. ಈ ಉತ್ತರಗಳು ಪ್ರೇಕ್ಷಕರಿಗೆ, ಬೆಳಗಿನ ಐದೂವರೆಗೆ ಮಕ್ಕಳನ್ನು ಟ್ರ್ಯಾಕಿಗೆ ಕರೆತರುವ ಅಪ್ಪ-ಅಮ್ಮಂದಿರಿಗೆ ಮತ್ತು ಜಿಲ್ಲಾ ಮಟ್ಟದ ಕೋಚ್‌ಗಳಿಗೆ.

ಒಲಿಂಪಿಕ್ಸ್ ಅಂದರೆ ದೇಶ-ದೇಶಗಳ ಪೈಪೋಟಿ ತಾನೆ?

ಕಾಗದದ ಮೇಲೆ ಅಲ್ಲ. ಸ್ಪರ್ಧೆ ನಡೆಯುವುದು ಕ್ರೀಡಾಪಟುಗಳ ನಡುವೆ, ದೇಶಗಳ ನಡುವೆ ಅಲ್ಲ ಎಂದು ಒಲಿಂಪಿಕ್ ಚಾರ್ಟರ್‌ನ 6ನೇ ನಿಯಮವೇ ಹೇಳುತ್ತದೆ. ದೇಶಗಳಿಗೆ ಶ್ರೇಯಾಂಕ ಕೊಡುವ ಪಟ್ಟಿಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ತಾನಾಗಿ ಮಾಡಬಾರದು ಎಂಬ ನಿಯಮವೂ ಇದೆ. ಹಾಗಿದ್ದೂ ಪ್ರವೇಶ ಕೊಡುವುದು ದೇಶದ ಸಮಿತಿಯ ಮೂಲಕ, ಮೇಲೇರುವುದು ದೇಶದ ಬಾವುಟ, ನುಡಿಸುವುದು ದೇಶದ ಗೀತೆ. ಹೀಗಾಗಿ ಅಭಿಮಾನ ಪಡುವುದರಲ್ಲಿ ತಪ್ಪೇನೂ ಇಲ್ಲ. ಟಿ.ವಿ.ಯಲ್ಲಿ ಕಾಣುವ ಪದಕ ಪಟ್ಟಿಯ "ಸ್ಥಾನ" ಮಾತ್ರ ನಾವು ಓದುವ ಒಂದು ಲೆಕ್ಕ, ಯಾರೂ ಕೊಡುವ ಪ್ರಶಸ್ತಿಯಲ್ಲ.

ಪ್ಯಾರಿಸ್‌ನಲ್ಲಿ ಆರು ಪದಕ ಗೆದ್ದ ಭಾರತ 71ನೇ ಸ್ಥಾನದಲ್ಲಿ, ಒಂದೇ ಪದಕ ಗೆದ್ದ ಪಾಕಿಸ್ತಾನ 62ರಲ್ಲಿ. ಇದು ಯಾವ ನ್ಯಾಯ?

ಸಾಮಾನ್ಯವಾಗಿ ಬಳಸುವ ಪಟ್ಟಿಯಲ್ಲಿ ಮೊದಲು ಚಿನ್ನ ಎಣಿಸುತ್ತಾರೆ. ಸಮವಾದರೆ ಬೆಳ್ಳಿ, ಆಮೇಲೆ ಕಂಚು. 2024ರಲ್ಲಿ ನಮಗೆ ಬಂದದ್ದು 1 ಬೆಳ್ಳಿ, 5 ಕಂಚು. ಜಾವೆಲಿನ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದರು, ನೀರಜ್ ಚೋಪ್ರಾ 89.45ಕ್ಕೆ ಬೆಳ್ಳಿ. ಆ ಒಂದು ಚಿನ್ನ ನಮ್ಮ ಆರನ್ನೂ ದಾಟಿತು. ಅಮೆರಿಕದ ಮಾಧ್ಯಮಗಳು ಒಟ್ಟು ಪದಕ ಎಣಿಸುತ್ತವೆ. ಆ ಲೆಕ್ಕ ಹಿಡಿದರೆ ನಾವು ಮುಂದೆ. ಎರಡೂ ಲೆಕ್ಕ ಸರಿ, ಎರಡೂ ಅರ್ಧ.

ಪಟ್ಟಿಯ ದೊಡ್ಡ ದೋಷ ಬೇರೆ ಕಡೆ ಇದೆ. ಹಾಕಿಯಲ್ಲಿ ಇಡೀ ತಂಡ ಎರಡು ವಾರ ಆಡಿ ಗೆದ್ದರೆ ಪಟ್ಟಿಗೆ ಸೇರುವುದು ಒಂದೇ ಪದಕ. ಈಜಿನಲ್ಲಿ ಒಬ್ಬರೇ ಹಲವು ಪದಕ ಗೆಲ್ಲಬಹುದು. ಭಾರತದ ಹಾಕಿ ತಂಡ ಎಂಟು ಚಿನ್ನ ಗೆಲ್ಲಲು 1928ರಿಂದ 1980ರವರೆಗೆ ಹಿಡಿಯಿತು. ಮೈಕೆಲ್ ಫೆಲ್ಪ್ಸ್ 2008ರ ಬೀಜಿಂಗ್ ಕೂಟವೊಂದರಲ್ಲೇ ಎಂಟು ಗೆದ್ದರು. ಫೆಲ್ಪ್ಸ್ ಸಾಧನೆ ಇದರಿಂದ ಚಿಕ್ಕದಾಗುವುದಿಲ್ಲ. ಆದರೆ ಪದಕದ ಸಂಖ್ಯೆಯಿಂದ ದೇಶದ ಕ್ರೀಡೆಯನ್ನು ಅಳೆಯುವಾಗ ಈ ವ್ಯತ್ಯಾಸ ನೆನಪಿನಲ್ಲಿರಲಿ.

140 ಕೋಟಿ ಜನರಿದ್ದೂ ಇಷ್ಟೇನಾ ಎಂದು ಕೇಳುವವರಿಗೆ ಏನು ಹೇಳಬೇಕು?

ಪ್ರಶ್ನೆ ಕೇಳಲೇಬೇಕಾದದ್ದು, ಆದರೆ ತಲೆಎಣಿಕೆಯ ಭಾಗಾಕಾರದಿಂದ ಉತ್ತರ ಸಿಗುವುದಿಲ್ಲ. ಕೆರಿಬಿಯನ್ ದ್ವೀಪ ಡೊಮಿನಿಕಾದ ಜನಸಂಖ್ಯೆ ಮುಕ್ಕಾಲು ಲಕ್ಷಕ್ಕಿಂತ ಕಡಿಮೆ. ಅಲ್ಲಿನ ಥಿಯಾ ಲಾಫಾಂಡ್ ಪ್ಯಾರಿಸ್‌ನಲ್ಲಿ ಟ್ರಿಪಲ್ ಜಂಪ್ ಚಿನ್ನ ಗೆದ್ದರು, ತಲಾ ಚಿನ್ನದ ಲೆಕ್ಕದಲ್ಲಿ ಆ ದೇಶ ಎಲ್ಲರಿಗಿಂತ ಮೇಲೆ ಹೋಯಿತು. ದೊಡ್ಡ ದೇಶ ಎಷ್ಟೇ ಚೆನ್ನಾಗಿ ಆಡಿದರೂ ಆ ಲೆಕ್ಕದಲ್ಲಿ ಗೆಲ್ಲಲಾಗದು, ಏಕೆಂದರೆ ಪ್ರವೇಶಕ್ಕೆ ಮಿತಿ ಇದೆ. ಅಥ್ಲೆಟಿಕ್ಸ್‌ನ ಒಂದು ವೈಯಕ್ತಿಕ ಸ್ಪರ್ಧೆಗೆ ಒಂದು ದೇಶದಿಂದ ಹೆಚ್ಚೆಂದರೆ ಮೂವರು. ಕುಸ್ತಿ, ಬಾಕ್ಸಿಂಗ್‌ನಲ್ಲಿ ತೂಕಕ್ಕೊಬ್ಬರು. ಬ್ಯಾಡ್ಮಿಂಟನ್ ಸಿಂಗಲ್ಸ್‌ನಲ್ಲಿ ಇಬ್ಬರು, ಅದೂ ಇಬ್ಬರೂ ವಿಶ್ವದ ಮೊದಲ 16ರೊಳಗಿದ್ದರೆ. ಪ್ಯಾರಿಸ್‌ನಲ್ಲಿ ಪ್ರಣಯ್ ಮತ್ತು ಬೆಂಗಳೂರಿನಲ್ಲಿ ಪಳಗಿದ ಲಕ್ಷ್ಯ ಸೇನ್ ಪ್ರೀ-ಕ್ವಾರ್ಟರ್‌ನಲ್ಲೇ ಎದುರಾದರು. ನಮ್ಮ ಇಬ್ಬರಲ್ಲಿ ಒಬ್ಬರು ಅಲ್ಲೇ ಹೊರಬೀಳಲೇಬೇಕಿತ್ತು.

ಅಳೆಯುವುದಾದರೆ ಫೈನಲ್ ತಲುಪಿದವರನ್ನು ಎಣಿಸಿ, ಎಷ್ಟು ಜನ ತಮ್ಮದೇ ಶ್ರೇಷ್ಠ ಸಾಧನೆ ದಾಟಿದರು ನೋಡಿ. ಪ್ಯಾರಿಸ್‌ನಲ್ಲಿ ಆರು ಕಡೆ ನಾವು ನಾಲ್ಕನೆಯವರು. ಮೀರಾಬಾಯಿ ಚಾನು ಎತ್ತಿದ್ದು 199 ಕೆ.ಜಿ., ಕಂಚು ಹೋದದ್ದು 200ಕ್ಕೆ. ಒಂದು ಕಿಲೋ ಅಂತರವನ್ನು "ಸೋಲು" ಎಂಬ ಒಂದೇ ಪದದಲ್ಲಿ ಮುಗಿಸುವುದೂ ಒಂದು ಬಗೆಯ ಅನ್ಯಾಯ.

2026ರ ಕಾಮನ್‌ವೆಲ್ತ್‌ನಲ್ಲಿ ನಮ್ಮ ಪದಕ ಕಡಿಮೆಯಾದರೆ ಆಟ ಕುಸಿದಿದೆ ಎಂದರ್ಥವೇ?

ಅಲ್ಲ. ಗ್ಲಾಸ್ಗೋ ಕೂಟದಲ್ಲಿ ಇರುವುದು ಹತ್ತೇ ಕ್ರೀಡೆ. ಹಾಕಿ, ಬ್ಯಾಡ್ಮಿಂಟನ್, ಕುಸ್ತಿ, ಶೂಟಿಂಗ್, ಟೇಬಲ್ ಟೆನಿಸ್, ಕ್ರಿಕೆಟ್ ಇಲ್ಲ. 2022ರ ಬರ್ಮಿಂಗ್‌ಹ್ಯಾಮ್‌ನ 61 ಪದಕದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕೂಟಕ್ಕೆ ಯಾವ ಕ್ರೀಡೆ ಸೇರುತ್ತದೆ ಎಂಬಲ್ಲೇ ಅರ್ಧ ಪಟ್ಟಿ ಬರೆದಾಗಿರುತ್ತದೆ. ನಮಗೆ ಅನುಕೂಲವಾದದ್ದನ್ನೂ ಒಪ್ಪಿಕೊಳ್ಳೋಣ: 1990ರಲ್ಲಿ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದ್ದು ಹಾಗೆಯೇ.

ವಿನೇಶ್ ಫೋಗಟ್‌ಗೆ 100 ಗ್ರಾಂಗೆ ಬೆಳ್ಳಿಯೂ ಸಿಗಲಿಲ್ಲ. ಇದು ಅನ್ಯಾಯ ಅಲ್ಲವೇ?

ನಿಯಮ ಕಠಿಣ, ಆದರೆ ಎಲ್ಲರಿಗೂ ಒಂದೇ. ಒಲಿಂಪಿಕ್ ಕುಸ್ತಿ ಒಂದು ತೂಕಕ್ಕೆ ಎರಡು ದಿನ. ಎರಡೂ ಬೆಳಗ್ಗೆ ತೂಕ ನೋಡುತ್ತಾರೆ, ಎರಡನೇ ದಿನ ಅದಕ್ಕೆ ಇರುವುದು 15 ನಿಮಿಷ. ಎರಡರಲ್ಲಿ ಯಾವುದು ತಪ್ಪಿದರೂ ಸ್ಪರ್ಧೆಯಿಂದಲೇ ಹೊರಗೆ, ಹಿಂದಿನ ದಿನ ಗೆದ್ದದ್ದೂ ಲೆಕ್ಕಕ್ಕಿಲ್ಲ. ಪ್ಯಾರಿಸ್‌ನಲ್ಲಿ ಫೈನಲ್ ತಲುಪಿದ್ದ ವಿನೇಶ್ ಎರಡನೇ ಬೆಳಗ್ಗೆ 100 ಗ್ರಾಂ ಹೆಚ್ಚು ತೂಗಿದರು, 2024ರ ಆಗಸ್ಟ್ 7ರಂದು ಆದದ್ದು ಇದೇ. ಜಂಟಿ ಬೆಳ್ಳಿಗಾಗಿ ಸಲ್ಲಿಸಿದ ಮನವಿಯನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಆಗಸ್ಟ್ 14ರಂದು ತಳ್ಳಿಹಾಕಿತು.

ಗ್ರಾಂ ಎಲ್ಲಿಂದ ಬರುತ್ತದೆ? ತೂಕ ಇಳಿಸುವವರು ಕೊನೆಯಲ್ಲಿ ಇಳಿಸುವುದು ಕೊಬ್ಬನ್ನಲ್ಲ, ನೀರನ್ನು. ಮೊದಲ ದಿನ ಮೂರು ಪಂದ್ಯದ ನಡುವೆ ಶಕ್ತಿಗಾಗಿ ನೀರು-ಆಹಾರ ತೆಗೆದುಕೊಂಡರೆ ಹಿಂಡಿದ್ದ ದೇಹ ಅದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿಯಿಡೀ ಬೆವರಿದರೂ ಅಷ್ಟು ಹೊರಗೆ ಹೋಗದು. 2025ರ ಸೆಪ್ಟೆಂಬರ್‌ನಲ್ಲಿ ಝಾಗ್ರೆಬ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮನ್ ಸೆಹ್ರಾವತ್ 1.7 ಕೆ.ಜಿ. ಹೆಚ್ಚು ತೂಗಿ ಹೊರಬಿದ್ದರು. ಮೊದಲ ದಿನ ತೂಕ ಸರಿಯಿದ್ದವರ ಗೆಲುವನ್ನು ಎರಡನೇ ದಿನ ಅಳಿಸುವುದು ಸರಿಯೇ ಎಂದು ಕೇಳಲು ಎಲ್ಲ ಹಕ್ಕೂ ಇದೆ, ನಮಗೂ ಅದು ಸರಿ ಕಾಣುವುದಿಲ್ಲ. ಆದರೆ ಅದನ್ನು ಕೇಳಬೇಕಾದ ಜಾಗ ವಿಶ್ವ ಕುಸ್ತಿ ಸಂಸ್ಥೆಯ ನಿಯಮ ಸಮಿತಿ. "ಪಿತೂರಿ" ಎಂದು ಕೂಗಿದರೆ ನಿಯಮ ಬದಲಾಗದು.

ತೀರ್ಪು ತಪ್ಪೆಂದು ಕಂಡರೆ ಏನು ಮಾಡಬೇಕು?

ಗಡಿಯಾರ ನೋಡಬೇಕು. ಪ್ರೊಟೆಸ್ಟ್, ಅಂದರೆ ತೀರ್ಪಿನ ವಿರುದ್ಧದ ಆಕ್ಷೇಪ, ಬಿದ್ದುಹೋಗುವುದು ಹೆಚ್ಚಾಗಿ ವಾದ ಸೋತು ಅಲ್ಲ, ಸಮಯ ಮೀರಿ. ಅಥ್ಲೆಟಿಕ್ಸ್‌ನ ಕ್ರಮ ಹೀಗೆ:

ಮೊದಲು ರೆಫರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು. ಕ್ರೀಡಾಪಟು, ಅವರ ಪರವಾಗಿ ಒಬ್ಬರು ಅಥವಾ ತಂಡದ ಅಧಿಕಾರಿ ಹೇಳಬಹುದು. ಫಲಿತಾಂಶ ಅಧಿಕೃತವಾಗಿ ಪ್ರಕಟವಾದ 30 ನಿಮಿಷದೊಳಗೆ. ರೆಫರಿ ಒಪ್ಪದಿದ್ದರೆ ಮತ್ತೆ 30 ನಿಮಿಷದೊಳಗೆ ಮೇಲ್ಮನವಿ ಜ್ಯೂರಿಗೆ, ಈ ಸಲ ಲಿಖಿತವಾಗಿ, ಸಹಿ ಹಾಕಿ, 100 ಡಾಲರ್ ಅಥವಾ ಅದಕ್ಕೆ ಸಮನಾದ ಠೇವಣಿ ಇಟ್ಟು. ಗೆದ್ದರೆ ಹಣ ವಾಪಸ್.

ಎಸೆತ, ಜಿಗಿತದಲ್ಲಿ ಕೆಂಪು ಬಾವುಟ ತೋರಿಸಿದರೆ ಅರ್ಧ ಗಂಟೆ ಕಾಯಬೇಡಿ. ಗುರುತು ಅಳಿಸುವ ಮೊದಲೇ ಆಕ್ಷೇಪ ಹೇಳಿ, ಅಳತೆ ತೆಗೆದಿಡಲು ಕೇಳಿ. ಮರಳು ಸಮ ಮಾಡಿದ ಮೇಲೆ ಗೆದ್ದರೂ ಅಳೆಯಲು ಏನೂ ಉಳಿದಿರುವುದಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಜಾವೆಲಿನ್‌ನಲ್ಲಿ ಕಿಶೋರ್ ಜೆನಾ ಅವರ ಒಂದು ಎಸೆತಕ್ಕೆ ಮೊದಲು ಕೆಂಪು ಬಾವುಟ ಬಂತು, ಸ್ಥಳದಲ್ಲೇ ಆಕ್ಷೇಪಿಸಿದ ಮೇಲೆ ಅದು ಊರ್ಜಿತವಾಯಿತು. ಅದೇ ಕೂಟದ 100 ಮೀ. ಹರ್ಡಲ್ಸ್‌ನಲ್ಲಿ ಚೀನಾದ ವು ಯಾನಿ ಗುಂಡಿನ ಸದ್ದಿಗೆ ಮೊದಲೇ ಕದಲಿದರು, ಪಕ್ಕದ ಜ್ಯೋತಿ ಯರ್ರಾಜಿ ಅದಕ್ಕೆ ಪ್ರತಿಕ್ರಿಯಿಸಿದರು. ಇಬ್ಬರನ್ನೂ ಹೊರಹಾಕಲು ಹೊರಟಾಗ ಜ್ಯೋತಿ ಟ್ರ್ಯಾಕ್ ಬಿಟ್ಟು ಕದಲಲಿಲ್ಲ. ವಿಡಿಯೊ ನೋಡಿ ಇಬ್ಬರನ್ನೂ ಓಡಿಸಿದರು, ಆಮೇಲೆ ವು ಅನರ್ಹರಾದರು, ಜ್ಯೋತಿಗೆ ಬೆಳ್ಳಿ ಬಂತು. ಅಲ್ಲಿ ಅಳುತ್ತ ಹೊರನಡೆದಿದ್ದರೆ ಬೆಳ್ಳಿಯೂ ಹೋಗುತ್ತಿತ್ತು. ಮಕ್ಕಳಿಗೆ ಕಲಿಸಬೇಕಾದದ್ದು ಇದನ್ನು.

ಜಿಮ್ನಾಸ್ಟಿಕ್ಸ್‌ನಲ್ಲಿ ಕೊನೆಯ ಸ್ಪರ್ಧಿಯ ಅಂಕ ಪ್ರಶ್ನಿಸಲು ಸಿಗುವುದು ಒಂದೇ ನಿಮಿಷ. ಪ್ಯಾರಿಸ್‌ನಲ್ಲಿ ಅಮೆರಿಕದ ಜೋರ್ಡನ್ ಚೈಲ್ಸ್ ಪರ ಮನವಿ 64 ಸೆಕೆಂಡಿಗೆ ಬಂತೆಂದು ಕ್ರೀಡಾ ನ್ಯಾಯಮಂಡಳಿ ಹೇಳಿ, ಕೊಟ್ಟಿದ್ದ ಕಂಚು ರೊಮೇನಿಯಾದ ಅನಾ ಬರ್ಬೊಸು ಪಾಲಾಯಿತು. ವ್ಯಾಜ್ಯ ಸ್ವಿಟ್ಜರ್‌ಲೆಂಡ್‌ನ ನ್ಯಾಯಾಲಯದವರೆಗೂ ಹೋಯಿತು. ಅಮೆರಿಕದಂಥ ದೇಶಕ್ಕೇ ನಾಲ್ಕು ಸೆಕೆಂಡು ಮುಳುವಾಯಿತು.

ವೇದಿಕೆಯ ಮೇಲೆ ಪ್ರತಿಭಟಿಸಿದರೆ ಏನಾಗುತ್ತದೆ ಎಂಬುದಕ್ಕೆ 2014ರ ಇಂಚಿಯಾನ್ ಉದಾಹರಣೆ. ಸೆಮಿಫೈನಲ್ ತೀರ್ಪಿನಿಂದ ನೊಂದ ಬಾಕ್ಸರ್ ಸರಿತಾ ದೇವಿ ಕಂಚು ಸ್ವೀಕರಿಸಲಿಲ್ಲ. ತೀರ್ಪು ಬದಲಾಗಲಿಲ್ಲ, ಅವರಿಗೇ ಒಂದು ವರ್ಷ ಅಮಾನತು ಬಂತು.

ಬೇಕೆಂದೇ ಸೋಲುವವರನ್ನು ತಡೆಯಲು ಆಗುವುದಿಲ್ಲವೇ?

ಆಗುತ್ತದೆ, ಯಾರಿಗೆ ಯಾರು ಎದುರು ಎಂದು ನಿರ್ಧರಿಸುವ ಡ್ರಾ ಸರಿಯಾಗಿ ಮಾಡಿದರೆ. ಲಂಡನ್ 2012ರಲ್ಲಿ ಬ್ಯಾಡ್ಮಿಂಟನ್ ಮಹಿಳಾ ಡಬಲ್ಸ್‌ಗೆ ಮೊದಲ ಬಾರಿ ಗುಂಪು ಹಂತ ಬಂತು. ಮುಂದೆ ಯಾರು ಎದುರಾಗುತ್ತಾರೆ ಎಂದು ಮೊದಲೇ ಗೊತ್ತಿದ್ದರಿಂದ, ಕಠಿಣ ಎದುರಾಳಿಯನ್ನು ತಪ್ಪಿಸಲು ನಾಲ್ಕು ಜೋಡಿ ಸೋಲಲು ನೋಡಿದವು. ಎಂಟು ಆಟಗಾರ್ತಿಯರನ್ನು ಹೊರಹಾಕಿದರು. ಇನ್ನೊಂದು ಗುಂಪಿನಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಎರಡು ಪಂದ್ಯ ಗೆದ್ದೂ ಪಾಯಿಂಟ್ ಅಂತರದಲ್ಲಿ ಹೊರಬಿದ್ದರು. ಜಪಾನ್ ಜೋಡಿ ತೈಪೆ ಎದುರು ಸೋತ ರೀತಿಯ ಬಗ್ಗೆ ಭಾರತ ದೂರು ಕೊಟ್ಟರೂ ಅದು ನಿಲ್ಲಲಿಲ್ಲ, ಸೋತದ್ದು ಬೇಕೆಂದೇ ಎಂದು ಸಾಬೀತು ಮಾಡುವುದು ಅಷ್ಟು ಕಷ್ಟ. ನಿಜವಾದ ಪರಿಹಾರ ಆಮೇಲೆ ಬಂತು: ಗುಂಪು ಹಂತ ಮುಗಿದ ಮೇಲೆ ಎರಡನೇ ಸ್ಥಾನದವರಿಗೆ ಮತ್ತೊಂದು ಡ್ರಾ. ಮುಂದಿನ ಎದುರಾಳಿ ಯಾರೆಂದೇ ತಿಳಿಯದಿದ್ದರೆ ಸೋತು ಲಾಭವಿಲ್ಲ. ಲೇಔಟ್ ಮಟ್ಟದ ಟೂರ್ನಿ ನಡೆಸುವವರೂ ಇದನ್ನು ಅನುಸರಿಸಬಹುದು. ಜೊತೆಗೆ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸಿ.

ಮಗಳು ಹುಟ್ಟಿದ್ದು ಅಮೆರಿಕದಲ್ಲಿ, ಒಸಿಐ ಕಾರ್ಡ್ ಇದೆ, ಈಜು ಕಲಿಯುತ್ತಿರುವುದು ಬೆಂಗಳೂರಿನಲ್ಲಿ. ಭಾರತದ ಪರ ಸ್ಪರ್ಧಿಸಬಹುದೇ?

ಒಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡಿನ ಮೇಲೆ ಆಗದು. ಭಾರತದ ಪರ ಆಡಲು ಭಾರತದ ಪಾಸ್‌ಪೋರ್ಟ್ ಬೇಕು ಎಂದು ಕ್ರೀಡಾ ಸಚಿವಾಲಯ 2008ರಲ್ಲೇ ನಿರ್ಧರಿಸಿದೆ, ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಅಪ್ಪ-ಅಮ್ಮ ಭಾರತೀಯ ಪೌರರಾಗಿದ್ದರೆ ಅಪ್ರಾಪ್ತ ಮಗುವಿಗೆ 1955ರ ಪೌರತ್ವ ಕಾಯ್ದೆಯ 5ನೇ ಸೆಕ್ಷನ್ ಅಡಿ ನೋಂದಣಿ ಕೋರಬಹುದು. ವಯಸ್ಕ ಒಸಿಐ ಆಗಿದ್ದರೆ ಕಾರ್ಡ್ ಬಂದು ಐದು ವರ್ಷ ಆಗಿರಬೇಕು, ಅರ್ಜಿಗೆ ಮೊದಲು ಹನ್ನೆರಡು ತಿಂಗಳು ಇಲ್ಲೇ ವಾಸವಿರಬೇಕು, ಹಳೆಯ ಪೌರತ್ವ ಬಿಡಬೇಕು. ಕಾಗದಪತ್ರಕ್ಕೆ ಕಾಲ ಹಿಡಿಯುತ್ತದೆ, ಅರ್ಹತಾ ಕೂಟ ಹತ್ತಿರ ಬಂದಾಗ ಓಡಾಡಿದರೆ ಕೆಲಸ ಆಗದು.

ಮಗಳು ಈಗಾಗಲೇ ಬೇರೆ ದೇಶದ ಪರ ಆಡಿದ್ದರೆ ಒಲಿಂಪಿಕ್ಸ್‌ಗೆ ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಆಡಿರದಿದ್ದರೆ ಈ ಅಡ್ಡಿ ಇಲ್ಲ, ಆದರೂ ಆಯಾ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಗೆ ತನ್ನದೇ ನಿಯಮ ಇರುತ್ತದೆ, ಅದನ್ನು ಬರಹದಲ್ಲಿ ಕೇಳಿಕೊಳ್ಳಿ. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ ಭಾರತದ ಪರವೇ ಡಿಸ್ಕಸ್ ಎಸೆದು 2014ರ ಕಾಮನ್‌ವೆಲ್ತ್ ಚಿನ್ನ ತಂದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತೀಯರಾದರು.

ಕೆಲವು ದೇಶಗಳು ಹೊರಗಿನ ಓಟಗಾರರನ್ನು ತಂದು ಪದಕ ಗೆಲ್ಲುವುದು ಸರಿಯೇ?

ನಿಯಮದ ಪ್ರಕಾರ ಸರಿ. ಮನಸ್ಸಿಗೆ ಒಪ್ಪದಿರಬಹುದು, ಆದರೆ ಒಬ್ಬ ಓಟಗಾರ್ತಿ ಒಳ್ಳೆಯ ಬದುಕಿಗಾಗಿ ದೇಶ ಬದಲಿಸುವುದು ಐ.ಟಿ. ಊರಿನವರಾದ ನಮಗೆ ಅರ್ಥವಾಗದ ವಿಷಯವಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ 4x400 ಮಿಶ್ರ ರಿಲೇಯನ್ನು ಬಹ್ರೇನ್ ಗೆದ್ದಾಗ ಆ ತಂಡದಲ್ಲಿ ನೈಜೀರಿಯಾ ಮೂಲದ ಕೆಮಿ ಅಡೆಕೋಯಾ, ಸಲ್ವಾ ನಾಸರ್ ಇದ್ದರು. ಹಿಮಾ ದಾಸ್ ಓಟಕ್ಕೆ ಅಡ್ಡಿಯಾಯಿತೆಂದು ಭಾರತ ಕೊಟ್ಟ ದೂರು ತಿರಸ್ಕೃತವಾಯಿತು. ಆಮೇಲೆ ಅಡೆಕೋಯಾ ಉದ್ದೀಪನ ಮದ್ದಿಗಾಗಿ ನಾಲ್ಕು ವರ್ಷ ನಿಷೇಧಕ್ಕೊಳಗಾದರು, ಚಿನ್ನ ಭಾರತಕ್ಕೆ ಬಂತು. ಅಂದರೆ ಪದಕ ಕಳೆದದ್ದು ಹುಟ್ಟಿದ ಊರಿನಿಂದಲ್ಲ, ಮದ್ದಿನಿಂದ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಮುಂದಿನದನ್ನೂ ನಾವೇ ಹೇಳಬೇಕು. ಆ ಭಾರತೀಯ ತಂಡದಲ್ಲಿದ್ದ ನಮ್ಮ ಎಂ.ಆರ್. ಪೂವಮ್ಮ 2021ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಮೊದಲು ಮೂರು ತಿಂಗಳು, ಮೇಲ್ಮನವಿಯ ನಂತರ ಎರಡು ವರ್ಷ ನಿಷೇಧ ಅನುಭವಿಸಿದರು. ಬಹ್ರೇನ್‌ಗೆ ಹಿಡಿದ ತಕ್ಕಡಿಯನ್ನೇ ನಮಗೂ ಹಿಡಿಯಬೇಕು.

ಉದ್ದೀಪನ ಮದ್ದು ಅಂದರೆ ಬೇಕೆಂದೇ ಚುಚ್ಚಿಕೊಳ್ಳುವವರ ಸಮಸ್ಯೆ ತಾನೆ?

ಅಲ್ಲ. ಮನೆಯ ಔಷಧ ಡಬ್ಬಿಯಿಂದಲೂ ಬರುತ್ತದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಪ್ರಕಟಿಸಿದ 2023ರ ಲೆಕ್ಕದಲ್ಲಿ ಭಾರತದ 5,606 ಮಾದರಿಗಳಲ್ಲಿ 213 ಪಾಸಿಟಿವ್, ಸುಮಾರು ಶೇ 3.8. ಇಷ್ಟು ಪರೀಕ್ಷೆ ನಡೆಸುವ ದೇಶಗಳಲ್ಲಿ ಇದು ಅತಿ ಕೆಟ್ಟ ಅಂಕಿ. ದೇಶಾಭಿಮಾನ ಇರುವವರು ಮೊದಲು ನೋಯಬೇಕಾದದ್ದು ಇದಕ್ಕೆ.

ನಿಯಮದ ತಿರುಳು: ದೇಹದಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ. ಡಾಕ್ಟರ್ ಕೊಟ್ಟರು, ಕೋಚ್ ಕೊಟ್ಟರು ಎಂದರೆ ಶಿಕ್ಷೆ ಇಳಿಯಬಹುದು, ತಪ್ಪು ಹೋಗದು. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀ. ಹರ್ಡಲ್ಸ್ ಚಿನ್ನ ಗೆದ್ದವರು. 2011ರಲ್ಲಿ ಸ್ಟೆರಾಯ್ಡ್ ಸಿಕ್ಕಾಗ, ಜಿನ್ಸೆಂಗ್ ಪೂರಕದಲ್ಲಿ ಬೆರೆತಿತ್ತು ಎಂಬ ವಾದ ಬಂತು. ಇಲ್ಲಿ ಒಂದು ವರ್ಷವಾಗಿದ್ದ ನಿಷೇಧ, 2012ರಲ್ಲಿ ಕ್ರೀಡಾ ನ್ಯಾಯಮಂಡಳಿಯಲ್ಲಿ ಎರಡು ವರ್ಷವಾಯಿತು.

ನಮ್ಮ ಊರಿನಲ್ಲಿ ಹೆಚ್ಚು ಎಡವುವ ಜಾಗಗಳು ಇವು. ಸುಸ್ತು ಎಂದು ಕ್ಲಿನಿಕ್ಕಿಗೆ ಹೋದರೆ ಡ್ರಿಪ್ ಹಾಕುತ್ತಾರೆ. 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಹೆಚ್ಚು ದ್ರವ ರಕ್ತನಾಳಕ್ಕೆ ಹೋಗುವುದು ನಿಷಿದ್ಧ, ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗಪತ್ತೆ ಪರೀಕ್ಷೆ ಹೊರತು. ಸಾಮಾನ್ಯ ಗ್ಲೂಕೋಸ್ ಬಾಟಲ್ 500 ಮಿ.ಲೀ. ಒಳಗಿರುವುದು ಬರೀ ಉಪ್ಪುನೀರಾದರೂ ತಪ್ಪೇ. ನೆಗಡಿ ಮಾತ್ರೆಯ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ದಿನ ಮಿತಿ ಮೀರಿದರೆ ಸಿಕ್ಕಿಬೀಳುತ್ತೀರಿ. ಬಿ.ಪಿ. ಮಾತ್ರೆಯಲ್ಲಿ ಬರುವ ಮೂತ್ರವರ್ಧಕ ಯಾವಾಗಲೂ ನಿಷಿದ್ಧ. ಆಸ್ತಮಾದವರಿಗೆ ಸಾಲ್‌ಬ್ಯುಟಮಾಲ್ ಇನ್‌ಹೇಲರ್ ಸರಿ, ದಿನಕ್ಕೆ 1600 ಮೈಕ್ರೋಗ್ರಾಂ ಒಳಗೆ, ಯಾವುದೇ 8 ಗಂಟೆಯಲ್ಲಿ 600 ಮೀರದಂತೆ. ಫಿಲ್ಟರ್ ಕಾಫಿ ಕುಡಿಯಿರಿ, ಅದಕ್ಕೆ ನಿಷೇಧ ಇಲ್ಲ. ಜಿಮ್‌ನವರು ಕೊಡುವ ಲೇಬಲ್ ಇಲ್ಲದ ಪುಡಿ ಮಾತ್ರ ಮುಟ್ಟಬೇಡಿ.

ನಿಷಿದ್ಧ ಔಷಧ ನಿಜಕ್ಕೂ ಬೇಕಿದ್ದರೆ ಚಿಕಿತ್ಸಾ ವಿನಾಯಿತಿಗೆ ಕೂಟಕ್ಕೆ ಕನಿಷ್ಠ 30 ದಿನ ಮೊದಲು ಅರ್ಜಿ ಹಾಕಿ. ವೈದ್ಯರ ಚೀಟಿ, ಪರೀಕ್ಷಾ ವರದಿ ಜೋಡಿಸಿ.

ಪರೀಕ್ಷೆಗೆ ಕರೆದಾಗ ಏನೇನು ನೋಡಿಕೊಳ್ಳಬೇಕು?

ಕರೆ ಬಂದ ಕ್ಷಣದಿಂದ ಅಧಿಕಾರಿಯ ಕಣ್ಣೆದುರೇ ಇರಬೇಕು. ಜೊತೆಗೆ ಒಬ್ಬರನ್ನು ಇಟ್ಟುಕೊಳ್ಳುವುದು ನಿಮ್ಮ ಹಕ್ಕು. ಇಂಗ್ಲಿಷ್-ಹಿಂದಿ ಬಾರದ ಮಕ್ಕಳಿಗೆ ಕನ್ನಡದಲ್ಲಿ ವಿವರಿಸುವವರೊಬ್ಬರು ಪಕ್ಕದಲ್ಲಿರಲಿ. ಮೂತ್ರ ಕನಿಷ್ಠ 90 ಮಿ.ಲೀ. ಬೇಕು: 'ಎ' ಬಾಟಲಿಗೆ 60, 'ಬಿ' ಬಾಟಲಿಗೆ 30. ಗಾಬರಿಯಿಂದ ಲೀಟರ್‌ಗಟ್ಟಲೆ ನೀರು ಕುಡಿದರೆ ಮೂತ್ರ ತೀರಾ ತೆಳುವಾಗಿ ಮತ್ತೆ ಮತ್ತೆ ಕೊಡಬೇಕಾಗುತ್ತದೆ, ಮಧ್ಯರಾತ್ರಿವರೆಗೂ ಕೂರುವುದು ಹೀಗೆಯೇ. ಹಿಂದಿನ ಏಳು ದಿನ ತೆಗೆದುಕೊಂಡ ಮಾತ್ರೆ, ಪೂರಕ, ಕಷಾಯ ಎಲ್ಲವನ್ನೂ ಫಾರಂನಲ್ಲಿ ಬರೆಸಿ. ಬಾಟಲಿಯ ಸಂಖ್ಯೆ ಫಾರಂನಲ್ಲಿರುವುದರ ಜೊತೆ ತಾಳೆಯಾಗುವುದನ್ನು ನೋಡಿಯೇ ಸಹಿ ಮಾಡಿ.

ನೋಂದಾಯಿತ ಪರೀಕ್ಷಾ ಪಟ್ಟಿಯಲ್ಲಿರುವವರು ಪ್ರತಿದಿನ ಬೆಳಗ್ಗೆ 5ರಿಂದ ರಾತ್ರಿ 11ರ ನಡುವೆ ಒಂದು ಗಂಟೆ ಎಲ್ಲಿ ಸಿಗುತ್ತಾರೆಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಉಲ್ಲಂಘನೆ. ಸಲ್ವಾ ನಾಸರ್ ಎರಡು ವರ್ಷ ಕಳೆದುಕೊಂಡದ್ದು ಇದಕ್ಕೇ. ಪಿ.ಜಿ. ಬದಲಿಸಿದ ದಿನವೇ ವಿಳಾಸ ಬದಲಿಸಿ.

ಮಾದರಿಗಳನ್ನು ಹತ್ತು ವರ್ಷದವರೆಗೂ ಇಟ್ಟು ಮತ್ತೆ ಪರೀಕ್ಷಿಸಬಹುದು. ಬೆಂಗಳೂರಿನಲ್ಲಿ ನೆಲೆಸಿರುವ ಲಾಂಗ್ ಜಂಪ್ ಪಟು ಅಂಜು ಬಾಬಿ ಜಾರ್ಜ್ 2005ರ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಗೆದ್ದಿದ್ದ ಬೆಳ್ಳಿ 2014ರಲ್ಲಿ ಚಿನ್ನವಾಯಿತು, ರಷ್ಯಾದ ಸ್ಪರ್ಧಿಯ ಹಳೆಯ ಮಾದರಿ ಮದ್ದನ್ನು ತೋರಿಸಿತ್ತು. ಆದರೆ ಅಂದು ಆ ವೇದಿಕೆಯಲ್ಲಿ ಮೊಳಗಬೇಕಿದ್ದ 52 ಸೆಕೆಂಡಿನ ಜನಗಣಮನವನ್ನು ಯಾರೂ ಮರಳಿ ಕೊಡಲಾರರು.

ಹುಡುಗಿಯರಿಗೆ ಈಗ ಜೀನ್ ಪರೀಕ್ಷೆ ಇದೆಯಂತೆ?

ಹೌದು. ಅಥ್ಲೆಟಿಕ್ಸ್‌ನಲ್ಲಿ ವಿಶ್ವ ಶ್ರೇಯಾಂಕದ ಮಹಿಳಾ ಸ್ಪರ್ಧೆಗಳಿಗೆ 2025ರ ಸೆಪ್ಟೆಂಬರ್ 1ರಿಂದ ಎಸ್‌ಆರ್‌ವೈ ಜೀನ್ (ಸಾಮಾನ್ಯವಾಗಿ ಗಂಡಸರ ವೈ ಕ್ರೋಮೋಸೋಮಿನಲ್ಲಿರುವ ಜೀನ್) ಪರೀಕ್ಷೆ ಕಡ್ಡಾಯ. ಕೆನ್ನೆಯ ಒಳಗಿನ ಸ್ವಾಬ್ ಅಥವಾ ರಕ್ತ, ಜೀವನದಲ್ಲಿ ಒಂದು ಸಲ. ಫಲಿತಾಂಶವನ್ನು ಕೋಚ್, ಪತ್ರಕರ್ತರು, ಪಕ್ಕದ ಮನೆಯವರು ಚರ್ಚಿಸುವ ಹಾಗಿಲ್ಲ. ದೇಹದಲ್ಲಿ ಪುರುಷ ಹಾರ್ಮೋನ್ ಹೆಚ್ಚಿದೆ ಎಂದು ಓಟಗಾರ್ತಿ ದ್ಯುತಿ ಚಂದ್ 2014ರಲ್ಲಿ ತಂಡದಿಂದ ಹೊರಬಿದ್ದಾಗ ಆದ ಅವಮಾನ ಮರುಕಳಿಸಬಾರದು. ಅವರು ಸುಮ್ಮನಾಗದೆ ಪ್ರಶ್ನಿಸಿದ್ದರಿಂದಲೇ 2015ರಲ್ಲಿ ಆಗಿನ ಹಾರ್ಮೋನ್ ನಿಯಮಕ್ಕೆ ತಡೆ ಬಿತ್ತು, ಅವರು ರಿಯೊದಲ್ಲಿ ಓಡಿದರು.

ಬಾವುಟ ಹಿಡಿಯುವಾಗ ಏನು ತಪ್ಪು, ಏನು ಸರಿ? ಕನ್ನಡ ಬಾವುಟ ಒಯ್ಯಬಹುದೇ?

ತ್ರಿವರ್ಣದ ಅಳತೆ 3:2. ಅದರ ಮೇಲೆ ಆಟಗಾರರ ಹೆಸರು, ಊರು, "ಇಂಡಿಯಾ" ಎಂದೂ ಬರೆಯಬಾರದು. ಸೊಂಟದ ಕೆಳಗೆ ಕಟ್ಟಬಾರದು, ನೆಲಕ್ಕೆ ತಾಗಿಸಬಾರದು. 2021ರ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಾವುಟಕ್ಕೂ ಅವಕಾಶ ಇದೆ.

ಹೊರದೇಶದ ಕ್ರೀಡಾಂಗಣದಲ್ಲಿ ಯಾವ ಬಾವುಟ ಒಳಗೆ ಬಿಡುತ್ತಾರೆ ಎಂಬುದು ಟಿಕೆಟ್‌ನ ಷರತ್ತಿನಲ್ಲಿರುತ್ತದೆ. ಒಲಿಂಪಿಕ್ಸ್‌ನಲ್ಲಿ ಸಾಮಾನ್ಯವಾಗಿ ಭಾಗವಹಿಸುವ ದೇಶಗಳ ಬಾವುಟಕ್ಕಷ್ಟೇ ಅವಕಾಶ. ಕೆಂಪು-ಹಳದಿಯನ್ನು ಗೇಟಿನಲ್ಲೇ ಕಿತ್ತುಕೊಂಡರೆ ಅದು ಕನ್ನಡಕ್ಕೆ ಅವಮಾನ ಮಾಡಿದ್ದಲ್ಲ. ಕೆಂಪು-ಹಳದಿ ಶಾಲು ಹೊದ್ದು ಹೋಗುವುದಾದರೂ ಷರತ್ತು ಓದಿಕೊಳ್ಳಿ.

ಕ್ರೀಡಾಪಟುಗಳಿಗೆ ಇನ್ನೂ ಬಿಗಿ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಎಫ್41 (ಕಡಿಮೆ ಎತ್ತರದವರ ವಿಭಾಗ) ಜಾವೆಲಿನ್‌ನಲ್ಲಿ ಮೊದಲು ಬಂದ ಇರಾನ್ ಸ್ಪರ್ಧಿ ಬರಹವಿದ್ದ ಕಪ್ಪು ಬಾವುಟ ತೋರಿಸಿ ಅನುಚಿತ ವರ್ತನೆಗಾಗಿ ಅನರ್ಹರಾದರು. 47.32 ಮೀಟರ್ ಎಸೆದಿದ್ದ ನಮ್ಮ ನವದೀಪ್ ಸಿಂಗ್‌ಗೆ ಚಿನ್ನ ಬಂತು. ಅದೇ ನಿಯಮ ನಾಳೆ ನಮ್ಮವರಿಗೂ ಅನ್ವಯಿಸುತ್ತದೆ.

ಬಾವುಟವೇ ಇಲ್ಲದ ದಿನವನ್ನೂ ನಾವು ಕಂಡಿದ್ದೇವೆ. 2012ರ ಡಿಸೆಂಬರ್‌ನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಾಗಿತ್ತು, ಕಾರಣ ಚುನಾವಣೆ ಮತ್ತು ಆಡಳಿತದ ಗೊಂದಲ. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಶಿವ ಕೇಶವನ್ ಮತ್ತು ಇನ್ನಿಬ್ಬರು ಒಲಿಂಪಿಕ್ ಬಾವುಟದ ಹಿಂದೆ ನಡೆದರು. ಅಮಾನತು ತೆರವಾಗಿ ತ್ರಿವರ್ಣ ಏರಿದ್ದು ಕೂಟದ ನಡುವೆ.

ಎದುರಾಳಿಗೆ ಹೋ ಎಂದು ಕೂಗುವುದು ಪ್ರೇಕ್ಷಕರ ಹಕ್ಕಲ್ಲವೇ?

ನಮ್ಮವರಿಗೆ ಎಷ್ಟು ಬೇಕಾದರೂ ಕೂಗಿ. ಆದರೆ ಓಟದಲ್ಲಿ "ಸೆಟ್" ಅಂದ ಮೇಲೆ, ಶೂಟಿಂಗ್, ಆರ್ಚರಿಯಲ್ಲಿ ಗುರಿ ಹಿಡಿದಾಗ ಮೌನ ಬೇಕು. ಗುಂಡಿನ ಸದ್ದಿನ 0.1 ಸೆಕೆಂಡಿನೊಳಗೆ ಕದಲಿದರೆ ಓಟಗಾರರು ಹೊರಗೆ. ಗ್ಯಾಲರಿಯ ಒಂದು ಶಿಳ್ಳೆಗೆ ಬೆಚ್ಚಿ ಹೊರಬೀಳುವವರು ನಮ್ಮವರೇ ಆಗಬಹುದು. ಪದಕ ಸಮಾರಂಭದಲ್ಲಿ ಯಾವ ದೇಶದ ಗೀತೆ ಬಂದರೂ ಎದ್ದು ನಿಲ್ಲಿ. ಹೊರಡುವಾಗ ಕುರ್ಚಿ ಕೆಳಗೆ ಬಿದ್ದ ಕಾಗದದ ಬಾವುಟಗಳನ್ನು ಎತ್ತಿಕೊಂಡು ಹೋಗಿ, ನೆಲದ ಮೇಲೆ ಬಿಟ್ಟುಹೋಗಬಾರದು ಎಂದು ಧ್ವಜ ಸಂಹಿತೆಯಲ್ಲೇ ಇದೆ.